ಗಡ್ಡೆಯೆಂದು ತೆಗೆಸಿದ ಗರ್ಭಚೀಲದಲ್ಲಿ ಸಾರ್ಕೋಮಾ: ಮುಂದೇನು?

ಪ್ರಶ್ನೆ: ನಾವು ಸಿಂಧನೂರು ತಾಲ್ಲೂಕಿನವರು. ನನ್ನ ಅಕ್ಕನಿಗೆ 47 ವರ್ಷ. ಎರಡು ವರ್ಷಗಳಿಂದ ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತು. ಸ್ಕ್ಯಾನಿಂಗ್‌ನಲ್ಲಿ ಫೈಬ್ರಾಯ್ಡ್ ಗಡ್ಡೆ ಇದೆ ಎಂದರು. ಮಾತ್ರೆಗಳಲ್ಲಿ ದಿನ ದೂಡಿದೆವು. ಕೊನೆಗೆ ಮೈಯಲ್ಲಿ ರಕ್ತ ತೀರಾ ಕಡಿಮೆಯಾದಾಗ ಖಾಸಗಿ ಆಸ್ಪತ್ರೆಯೊಂದರಲ್ಲಿ ದುರ್ಬೀನು ಹಾಕಿ ಗರ್ಭಚೀಲ ತೆಗೆದರು, ಅಂಡಾಶಯಗಳನ್ನು ಬಿಟ್ಟಿದ್ದಾರೆ. ಮೂರು ವಾರದ ನಂತರ ಬಂದ ಬಯಾಪ್ಸಿ ವರದಿಯಲ್ಲಿ ‘ಲಿಯೋಮಯೋಸಾರ್ಕೋಮಾ, 8.5 ಸೆಂ.ಮೀ.’ ಎಂದಿದೆ. ಒಬ್ಬ ವೈದ್ಯರು ತಕ್ಷಣ ಕೀಮೋ ಶುರು ಮಾಡಿ ಎನ್ನುತ್ತಾರೆ, ಇನ್ನೊಬ್ಬರು ಏನೂ ಬೇಡ, ತಪಾಸಣೆ ಸಾಕು ಎನ್ನುತ್ತಾರೆ. ಕರೆಂಟ್ (ವಿಕಿರಣ ಚಿಕಿತ್ಸೆ) ಕೊಡಿಸಿ ಎಂದು ಬಂಧುಗಳು ಹೇಳುತ್ತಿದ್ದಾರೆ. ಗಡ್ಡೆಯನ್ನು ಎರಡು ವರ್ಷ ಬಿಟ್ಟದ್ದರಿಂದ ಅದು ಕ್ಯಾನ್ಸರ್ ಆಯಿತೇ? ಕತ್ತರಿ ತಾಗಿದ್ದರಿಂದ ಹಬ್ಬುತ್ತದೆಯೇ? ‘ಗಡ್ಡೆ ಇತ್ತು, ತೆಗೆದರು, ಮುಗಿಯಿತು’ ಎಂದಷ್ಟೇ ಭಾವ ಅಕ್ಕನಿಗೆ ಹೇಳಿದ್ದಾರೆ. ನಾನು ನಿಜ ಹೇಳಲೇ? ಅಕ್ಕನ ಮಗಳಿಗೆ 20 ವರ್ಷ, ಅವಳಿಗೂ ಬರಬಹುದೇ? ಖರ್ಚಿನ ಯೋಚನೆಯೂ ಇದೆ.

ಉತ್ತರ: ನಿಮ್ಮ ಪ್ರಶ್ನೆಗಳು ಹಲವು. ಅವುಗಳ ಹಿಂದಿರುವ ಆತಂಕ ಎರಡೇ: ನಮ್ಮಿಂದಲೇ ತಡವಾಯಿತೇನೋ ಎಂಬುದು ಒಂದು, ಈ ವಾರವೇ ಏನಾದರೂ ಮಾಡದಿದ್ದರೆ ಕೈಮೀರಿ ಹೋಗುತ್ತದೇನೋ ಎಂಬುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಕೀಮೋ ಕೊಡುವುದೆಂದೇ ತೀರ್ಮಾನವಾದರೂ ಶಸ್ತ್ರಚಿಕಿತ್ಸೆಯ ಗಾಯ ಮಾಯಲು ಕೆಲವು ವಾರ ಬಿಟ್ಟೇ ಆರಂಭಿಸುತ್ತಾರೆ. ಆ ವಾರಗಳನ್ನು ಸರಿಯಾದ ಪರೀಕ್ಷೆಗಳಿಗೆ ಬಳಸಿಕೊಂಡರೆ ನಷ್ಟವಿಲ್ಲ. ಪರೀಕ್ಷೆಗಳು ಮುಗಿಯುವ ಮೊದಲೇ ಚಿಕಿತ್ಸೆ ಆರಂಭಿಸಿದರೆ ನಷ್ಟವಾಗುವ ಸಂಭವವಿದೆ.

ಗರ್ಭಕೋಶದ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಅದರ ಒಳಪದರದಲ್ಲಿ ಹುಟ್ಟುತ್ತವೆ. ಸ್ನಾಯು, ಕೊಬ್ಬು, ಮೂಳೆಯಂಥ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗೆ ಸಾರ್ಕೋಮಾ ಎನ್ನುತ್ತಾರೆ. ನಿಮ್ಮ ಅಕ್ಕನಿಗೆ ಬಂದಿರುವ ಲಿಯೋಮಯೋಸಾರ್ಕೋಮಾ ಗರ್ಭಕೋಶದ ಗೋಡೆಯ ಸ್ನಾಯುವಿನಲ್ಲಿ ಹುಟ್ಟುವ, ಬಹಳ ಅಪರೂಪದ ಬಗೆ. ಒಳಪದರದ ಕ್ಯಾನ್ಸರ್ ಹೆಚ್ಚಾಗಿ ದುಗ್ಧಗ್ರಂಥಿಗಳ ಕಡೆಗೆ ಹರಡಿದರೆ, ಇದು ರಕ್ತದ ಮೂಲಕ ಹರಡುತ್ತದೆ, ಮುಖ್ಯವಾಗಿ ಶ್ವಾಸಕೋಶಕ್ಕೆ. ಆದ್ದರಿಂದ ಮೊಬೈಲ್‌ನಲ್ಲಿ ‘ಗರ್ಭಕೋಶದ ಕ್ಯಾನ್ಸರ್’ ಎಂದು ಹುಡುಕಿ ಓದಿದ ಅಂಕಿಅಂಶಗಳನ್ನಾಗಲಿ, ಪಕ್ಕದೂರಿನ ಯಾರಿಗೋ ಕೊಟ್ಟ ಚಿಕಿತ್ಸೆಯನ್ನಾಗಲಿ ಇದಕ್ಕೆ ಹೊಂದಿಸಬೇಡಿ.

ಮೊದಲು ಆಗಬೇಕಾದ ಕೆಲಸ ವರದಿಯ ಮರುಪರಿಶೀಲನೆ. ಸ್ನಾಯುಗಡ್ಡೆಯನ್ನು ಕ್ಯಾನ್ಸರ್ ಎಂದು ನಿರ್ಧರಿಸಲು ಪ್ಯಾಥಾಲಜಿ ತಜ್ಞರು ಸೂಕ್ಷ್ಮದರ್ಶಕದಲ್ಲಿ ಮೂರು ಸಂಗತಿಗಳನ್ನು ನೋಡುತ್ತಾರೆ: ಜೀವಕೋಶಗಳ ರೂಪ ಎಷ್ಟು ಕೆಟ್ಟಿದೆ, ಅವು ಎಷ್ಟು ವೇಗವಾಗಿ ಒಡೆದು ಹೆಚ್ಚುತ್ತಿವೆ, ಗಡ್ಡೆಯೊಳಗಿನ ಜೀವಕೋಶಗಳು ಒಂದು ನಿರ್ದಿಷ್ಟ ರೀತಿಯಲ್ಲಿ ಸತ್ತಿವೆಯೇ ಎಂಬುದು. ಸಾಮಾನ್ಯವಾಗಿ ಇವುಗಳಲ್ಲಿ ಎರಡಾದರೂ ಸ್ಪಷ್ಟವಾಗಿರಬೇಕು. ಕ್ಯಾನ್ಸರ್ ಅಲ್ಲದಿದ್ದರೂ ಹಾಗೆ ಕಾಣುವ ಫೈಬ್ರಾಯ್ಡ್‌ಗಳಿವೆ, ಎರಡರ ನಡುವೆ ನಿಲ್ಲುವ ಸಂದಿಗ್ಧ ಗಡ್ಡೆಗಳಿವೆ, ಹೋಲಿಕೆಯುಳ್ಳ ಬೇರೆ ಸಾರ್ಕೋಮಾಗಳೂ ಇವೆ. ಪ್ರತಿಯೊಂದರ ಚಿಕಿತ್ಸೆಯೂ ಬೇರೆ. ಆಪರೇಷನ್ ಮಾಡಿದ ಆಸ್ಪತ್ರೆಗೆ ಅಥವಾ ವರದಿ ಕೊಟ್ಟ ಪ್ರಯೋಗಾಲಯಕ್ಕೆ ಒಂದು ಪತ್ರ ಕೊಟ್ಟು ಸ್ಲೈಡ್‌ಗಳನ್ನೂ ಗಡ್ಡೆಯ ತುಣುಕುಗಳನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ. ಸಾರ್ಕೋಮಾಗಳನ್ನು ಆಗಾಗ ನೋಡುವ ದೊಡ್ಡ ಕ್ಯಾನ್ಸರ್ ಕೇಂದ್ರದಲ್ಲಿ, ಅಂದರೆ ಬೆಂಗಳೂರಿನ ಕಿದ್ವಾಯಿಯಲ್ಲೋ ಮುಂಬಯಿಯ ಟಾಟಾ ಮೆಮೋರಿಯಲ್‌ನಲ್ಲೋ, ಅವನ್ನು ಮತ್ತೊಮ್ಮೆ ನೋಡಿಸಿ. ಗಡ್ಡೆ ಹಾರ್ಮೋನ್‌ಗಳಿಗೆ ಸ್ಪಂದಿಸುವ ಬಗೆಯೇ ಎಂದು ತೋರಿಸುವ ಹಾರ್ಮೋನ್ ಗ್ರಾಹಕಗಳ ಪರೀಕ್ಷೆಯನ್ನೂ ಅದೇ ಬ್ಲಾಕ್‌ನಿಂದ ಮಾಡಿಸಿ. ಅದರ ಉಪಯೋಗವನ್ನು ಮುಂದೆ ಹೇಳುತ್ತೇನೆ. ಎಷ್ಟೋ ಮನೆಯವರು ದಪ್ಪನೆಯ ಫೈಲಿನಲ್ಲಿ ಹತ್ತಾರು ರಕ್ತಪರೀಕ್ಷೆಯ ಚೀಟಿಗಳನ್ನು ಜೋಪಾನವಾಗಿ ತರುತ್ತಾರೆ, ಬ್ಲಾಕ್ ಮಾತ್ರ ತಂದಿರುವುದಿಲ್ಲ. ಅದಕ್ಕಾಗಿ ಮತ್ತೊಮ್ಮೆ ಊರಿಗೆ ಓಡಬೇಕಾಗುತ್ತದೆ.

ಇನ್ನು ಗಡ್ಡೆಯನ್ನು ಎರಡು ವರ್ಷ ಬಿಟ್ಟದ್ದರ ವಿಷಯ. ಸಾಮಾನ್ಯ ಫೈಬ್ರಾಯ್ಡ್ ಕಾಲಕ್ರಮದಲ್ಲಿ ಕೆಟ್ಟು ಕ್ಯಾನ್ಸರ್ ಆಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿಯಾಗಿದೆ. ಇಂದಿನ ತಿಳಿವಳಿಕೆಯ ಪ್ರಕಾರ ಲಿಯೋಮಯೋಸಾರ್ಕೋಮಾ ಬಹುತೇಕ ಮೊದಲಿನಿಂದಲೇ ಬೇರೆಯಾಗಿ ಹುಟ್ಟುವ ಗಡ್ಡೆ. ಅದು ಫೈಬ್ರಾಯ್ಡ್‌ನ ಪಕ್ಕದಲ್ಲೇ, ಫೈಬ್ರಾಯ್ಡ್‌ನಂತೆಯೇ ಕಾಣುತ್ತ ಇರಬಲ್ಲದು. ಅಲ್ಟ್ರಾಸೌಂಡ್ ಇವೆರಡನ್ನು ಬೇರ್ಪಡಿಸಲಾರದು. ಎಂಆರ್‌ಐ ಅನುಮಾನ ಹುಟ್ಟಿಸಬಹುದು, ಖಚಿತವಾಗಿ ಹೇಳಲಾರದು. ಗಡ್ಡೆ ಗೋಡೆಯೊಳಗೆ ಹುದುಗಿರುವುದರಿಂದ ಒಳಪದರದ ಬಯಾಪ್ಸಿಗೂ ಅದು ಸಿಗದೆ ಹೋಗುವುದುಂಟು. ಫೈಬ್ರಾಯ್ಡ್ ಎಂದು ಆಪರೇಷನ್ ಮಾಡಿಸಿಕೊಂಡ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಗರ್ಭಕೋಶದ ಸಾರ್ಕೋಮಾ ಇರುತ್ತದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2014ರಲ್ಲಿ ಅಂದಾಜಿಸಿತ್ತು. ಚಿಕ್ಕ ವಯಸ್ಸಿನವರಲ್ಲಿ ಈ ಸಂಭವ ಇನ್ನೂ ಕಡಿಮೆ, ವಯಸ್ಸಾದಂತೆ ಹೆಚ್ಚು. ಅಂದರೆ ನಿಮ್ಮ ವೈದ್ಯರು ಅದನ್ನು ಫೈಬ್ರಾಯ್ಡ್ ಎಂದುಕೊಂಡದ್ದು ಅಸಹಜವಲ್ಲ, ನೀವು ಮಾತ್ರೆಯಲ್ಲಿ ಕಾದದ್ದು ಅಪರಾಧವೂ ಅಲ್ಲ. ಎರಡು ವರ್ಷದ ಹಿಂದೆ ಕಂಡ ಗಡ್ಡೆಯೇ ಇದೆಂದು ಇವತ್ತು ಯಾರೂ ಖಚಿತವಾಗಿ ಹೇಳಲಾರರು. ಇದನ್ನು ಓದಿ ಫೈಬ್ರಾಯ್ಡ್ ಇರುವ ಎಲ್ಲರೂ ಹೆದರಿ ಗರ್ಭಚೀಲ ತೆಗೆಸಿಕೊಳ್ಳಲು ಹೊರಡುವುದು ಬೇಡ. ಮೂವತ್ತೈದು ದಾಟುವ ಮೊದಲೇ, ಸರಿಯಾದ ಕಾರಣವಿಲ್ಲದೆ ಚೀಲ ತೆಗೆಸಿಕೊಂಡು ಬರುವ ಹೆಣ್ಣುಮಕ್ಕಳನ್ನು ಬಳ್ಳಾರಿ, ರಾಯಚೂರು ಸೀಮೆಯಲ್ಲಿ ನಾನು ಈಗಾಗಲೇ ಬೇಕಾದಷ್ಟು ನೋಡುತ್ತಿದ್ದೇನೆ. ಆದರೆ ಮುಟ್ಟು ನಿಂತ ಮೇಲೆ ಗಡ್ಡೆ ಬೆಳೆಯುತ್ತಿದ್ದರೆ ಅಥವಾ ಮತ್ತೆ ರಕ್ತ ಕಾಣಿಸಿಕೊಂಡರೆ ಒಂದು ದಿನವೂ ಉದಾಸೀನ ಮಾಡಬಾರದು.

ಕತ್ತರಿ ತಾಗಿದರೆ ಕ್ಯಾನ್ಸರ್ ಹಬ್ಬುತ್ತದೆ ಎಂಬ ಮಾತು ಸಾಮಾನ್ಯವಾಗಿ ಸುಳ್ಳು. ಈ ಕಾಯಿಲೆಗೆ ಇಡಿಯ ಗರ್ಭಕೋಶವನ್ನು ತೆಗೆಯುವುದೇ ಮುಖ್ಯ ಚಿಕಿತ್ಸೆ. ಆದರೆ ನಿಮ್ಮ ಅಕ್ಕನ ವಿಷಯದಲ್ಲಿ ಆ ಮಾತನ್ನು ಪೂರ್ತಿ ತಳ್ಳಿಹಾಕಿ ಮುಂದೆ ಹೋಗಲಾರೆ. ದುರ್ಬೀನಿನ ಆಪರೇಷನ್‌ನಲ್ಲಿ ಗರ್ಭಚೀಲವನ್ನು ಹೊರತೆಗೆಯುವ ದಾರಿಗಳು ಹಲವು. ಯೋನಿಯ ಮೂಲಕ ಇಡಿಯಾಗಿ ತೆಗೆಯಬಹುದು, ಒಂದು ಚೀಲದೊಳಗೆ ಹಾಕಿ ಆ ಚೀಲದಲ್ಲೇ ಕತ್ತರಿಸಿ ತೆಗೆಯಬಹುದು, ಅಥವಾ ಮಾರ್ಸಲೇಟರ್ ಎಂಬ ಯಂತ್ರದಿಂದ ಹೊಟ್ಟೆಯೊಳಗೇ ಚೂರು ಮಾಡಿ ಎಳೆದುಕೊಳ್ಳಬಹುದು. ಕೊನೆಯ ವಿಧಾನದಲ್ಲಿ ಗಡ್ಡೆಯ ಕಣಗಳು ಹೊಟ್ಟೆಯೊಳಗೆ ಚೆಲ್ಲಿ, ಸಾರ್ಕೋಮಾ ಇದ್ದರೆ ಅದು ಹರಡಲು ಅವಕಾಶವಾಗುತ್ತದೆ. 2014ರಲ್ಲಿ ಅಮೆರಿಕದಲ್ಲಿ ಈ ಯಂತ್ರದ ಬಳಕೆಯ ಬಗ್ಗೆ ಎಚ್ಚರಿಕೆ ಹೊರಬಿದ್ದದ್ದು ಇದೇ ಕಾರಣಕ್ಕೆ. ಡಿಸ್ಚಾರ್ಜ್ ಕಾರ್ಡ್‌ನಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಆಪರೇಷನ್ ಟಿಪ್ಪಣಿಯ ಪ್ರತಿಯನ್ನು ಕೇಳಿ ಪಡೆಯಿರಿ, ವಿಡಿಯೊ ಇದ್ದರೆ ಅದನ್ನೂ. ಜಗಳಕ್ಕೆ ಹೋದವರಂತೆ ಕೇಳಬೇಡಿ. ಮುಂದಿನ ವೈದ್ಯರು ಬಯಸುತ್ತಿದ್ದಾರೆ ಎಂದು ಹೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ, ಮತ್ತು ಅದು ನಿಮ್ಮ ಅಕ್ಕನ ಹಕ್ಕೂ ಹೌದು. ಚೀಲವಿಲ್ಲದೆ ಚೂರು ಮಾಡಿದ್ದರೆ, ಸ್ಕ್ಯಾನ್‌ನ ನಂತರ ಮತ್ತೊಮ್ಮೆ ಹೊಟ್ಟೆ ತೆರೆದು ನೋಡಬೇಕೇ ಎಂಬ ಪ್ರಶ್ನೆ ಬರುತ್ತದೆ. ಇಡಿಯಾಗಿ ತೆಗೆದಿದ್ದರೆ ಆ ಪ್ರಶ್ನೆ ಅಲ್ಲಿಗೆ ಮುಗಿಯುತ್ತದೆ.

ಎದೆ, ಹೊಟ್ಟೆ ಮತ್ತು ಕೆಳಹೊಟ್ಟೆಯ ಸಿಟಿ ಸ್ಕ್ಯಾನ್ ಆಗಲೇಬೇಕು. ಎದೆಗೆ ಬರೀ ಎಕ್ಸ್-ರೇ ಸಾಲದು. ಶ್ವಾಸಕೋಶದಲ್ಲಿ ಸಣ್ಣ ಚುಕ್ಕೆ ಕಂಡಿತೆಂದು ಎದೆ ಒಡೆದುಕೊಳ್ಳಬೇಡಿ. ಹಿಂದೆಂದೋ ಬಂದು ಮಾಗಿದ ಕ್ಷಯದ ಗುರುತುಗಳು ನಮ್ಮ ಜನರಲ್ಲಿ ಸಾಮಾನ್ಯ. ಅನುಮಾನವಿದ್ದರೆ ಎರಡು ಮೂರು ತಿಂಗಳ ನಂತರ ಅದೇ ಚುಕ್ಕೆಯನ್ನು ಮತ್ತೆ ಸ್ಕ್ಯಾನ್ ಮಾಡಿ ಅಳೆಯುತ್ತಾರೆ. ಎಲ್ಲೂ ಏನೂ ಇಲ್ಲದೆ, ಗಡ್ಡೆ ಗರ್ಭಕೋಶದೊಳಗೇ ಇತ್ತೆಂದಾದರೆ ಅದು ಮೊದಲ ಹಂತ. 5 ಸೆಂ.ಮೀ.ಗಿಂತ ದೊಡ್ಡದಾದ್ದರಿಂದ ಒಂದು-ಬಿ ಎನ್ನುತ್ತಾರೆ.

ಮುಂದೆ ಬರೆಯುವುದೆಲ್ಲವೂ ಅವರದು ಮೊದಲ ಹಂತ ಎಂಬ ನಂಬಿಕೆಯ ಮೇಲೆ. ಇಬ್ಬರು ವೈದ್ಯರು ಎರಡು ಮಾತು ಹೇಳಿದಾಗ ಒಬ್ಬರಿಗೆ ತಿಳಿಯದು ಎಂದು ಮನೆಯವರು ಭಾವಿಸುತ್ತಾರೆ. ಇಲ್ಲಿ ಹಾಗಲ್ಲ, ಇಬ್ಬರ ಮಾತಿಗೂ ಆಧಾರವಿದೆ. ಈ ಕಾಯಿಲೆ ಮೊದಲ ಹಂತದಲ್ಲಿ ಸಿಕ್ಕಿ ಪೂರ್ತಿ ತೆಗೆದ ಮೇಲೂ ಸರಿಸುಮಾರು ಅರ್ಧದಷ್ಟು ಜನರಲ್ಲಿ, ಕೆಲವು ವರದಿಗಳಲ್ಲಿ ಅದಕ್ಕೂ ಹೆಚ್ಚು ಜನರಲ್ಲಿ, ಮರಳಿ ಬರುತ್ತದೆ. ಈ ಮಾತು ಕಹಿಯಾದರೂ ಮುಚ್ಚಿಡುವುದು ಸರಿಯಲ್ಲ. ಇದನ್ನು ಕಂಡೇ ಮೊದಲ ವೈದ್ಯರು ಕೀಮೋ ಎಂದಿರಬೇಕು. ಆದರೆ ಮರಳುವ ಭಯ ಹೆಚ್ಚಿದೆ ಎಂದಮಾತ್ರಕ್ಕೆ ಕೀಮೋ ಅದನ್ನು ತಡೆಯುತ್ತದೆ ಎಂದಾಗುವುದಿಲ್ಲ. ಫ್ರಾನ್ಸ್‌ನಲ್ಲಿ ಗರ್ಭಕೋಶದ ಸಾರ್ಕೋಮಾ ಇದ್ದ 81 ಮಹಿಳೆಯರನ್ನು ಒಳಗೊಂಡು, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಿಕಿರಣದ ಜೊತೆ ಕೀಮೋ ಪಡೆದವರಲ್ಲಿ ಶೇ 55 ಮಂದಿ ಮೂರು ವರ್ಷ ಕಾಯಿಲೆ ಮರಳದೆ ಇದ್ದರು. ಕೀಮೋ ಪಡೆಯದವರಲ್ಲಿ ಆ ಪ್ರಮಾಣ ಶೇ 41. ಆದರೆ ಆಯಸ್ಸು ಹೆಚ್ಚಿತೆಂದು ಸಿದ್ಧವಾಗಲಿಲ್ಲ, ಕೀಮೋದ ವಿಷಪರಿಣಾಮದಿಂದಲೇ ಇಬ್ಬರು ತೀರಿಕೊಂಡರು. ಮೊದಲ ಹಂತದವರಿಗಾಗಿಯೇ ಹಲವು ದೇಶಗಳು ಸೇರಿ 216 ಜನರನ್ನು ಸೇರಿಸಿಕೊಳ್ಳಲು ಹೊರಟ ಇನ್ನೊಂದು ಅಧ್ಯಯನಕ್ಕೆ 38 ಜನರಷ್ಟೇ ಸಿಕ್ಕು ಅದನ್ನು ನಿಲ್ಲಿಸಬೇಕಾಯಿತು. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ಕೀಮೋದಿಂದ ಆಯಸ್ಸಿನ ಲಾಭ ಕಾಣಲಿಲ್ಲ. ಅಪರೂಪದ ಕಾಯಿಲೆಯ ಸಂಕಟವೇ ಇದು: ಪ್ರಶ್ನೆ ದೊಡ್ಡದು, ಉತ್ತರ ಕೊಡಲು ಬೇಕಾದಷ್ಟು ರೋಗಿಗಳಿರುವುದಿಲ್ಲ.

ಕರೆಂಟ್‌ನ ವಿಷಯ ಇದಕ್ಕಿಂತ ಸರಳ. ಯುರೋಪಿನಲ್ಲಿ ಒಂದು ಮತ್ತು ಎರಡನೇ ಹಂತದ ಗರ್ಭಕೋಶದ ಸಾರ್ಕೋಮಾ ಇದ್ದ 224 ಮಹಿಳೆಯರ ಮೇಲೆ ನಡೆದು 2008ರಲ್ಲಿ ಹೊರಬಂದ ಅಧ್ಯಯನದಲ್ಲಿ, ಲಿಯೋಮಯೋಸಾರ್ಕೋಮಾ ಇದ್ದವರಿಗೆ ಕೆಳಹೊಟ್ಟೆಯ ವಿಕಿರಣದಿಂದ ಆಯಸ್ಸಾಗಲಿ, ಆ ಜಾಗದಲ್ಲಿನ ನಿಯಂತ್ರಣವಾಗಲಿ ಹೆಚ್ಚಲಿಲ್ಲ. ಕಾಯಿಲೆ ರಕ್ತದಲ್ಲಿ ಸಾಗಿ ಶ್ವಾಸಕೋಶ ಸೇರುವ ಸ್ವಭಾವದ್ದಾದ್ದರಿಂದ ಕೆಳಹೊಟ್ಟೆಗೆ ಕೊಟ್ಟ ಕಿರಣ ಅದನ್ನು ತಡೆಯದು. ಗಡ್ಡೆಯ ಅಂಚು ಉಳಿದಿದೆ ಎಂಬಂಥ ವಿಶೇಷ ಕಾರಣವಿಲ್ಲದಿದ್ದರೆ ಕರುಳಿಗೆ, ಮೂತ್ರಕೋಶಕ್ಕೆ ಆ ಸುಡುವಿಕೆಯನ್ನು ಕೊಡಿಸುವುದು ಬೇಡ. ಬಂಧುಗಳ ಮಾತನ್ನು ಇಲ್ಲಿ ನಯವಾಗಿ ಬದಿಗಿಡಿ.

ನನ್ನ ಅಭಿಪ್ರಾಯ ಇದು. ಮರುಪರಿಶೀಲನೆಯಲ್ಲೂ ಅದೇ ರೋಗವೆಂದು ಬಂದು, ಗರ್ಭಚೀಲ ಇಡಿಯಾಗಿ ಹೊರಬಂದಿದ್ದು, ಸಿಟಿ ಸ್ಕ್ಯಾನ್ ಸ್ವಚ್ಛವಾಗಿದ್ದರೆ, ಕೀಮೋ ಇಲ್ಲದೆ ಕಟ್ಟುನಿಟ್ಟಿನ ತಪಾಸಣೆಯಲ್ಲಿರುವುದು ಪೂರ್ತಿ ಗೌರವಾರ್ಹವಾದ ಚಿಕಿತ್ಸಾಕ್ರಮ, ಮತ್ತು ನಾನು ಸಾಮಾನ್ಯವಾಗಿ ಅದರ ಕಡೆಗೇ ವಾಲುತ್ತೇನೆ. ಹೊಟ್ಟೆಯೊಳಗೆ ಚೂರು ಮಾಡಿದ್ದರೆ, ಅಥವಾ ಕಾಯಿಲೆ ಗರ್ಭಕೋಶದ ಆಚೆಗೆ ಹೋಗಿದ್ದರೆ, ನನ್ನ ತಕ್ಕಡಿ ಕೀಮೋ ಕಡೆಗೆ ತೂಗುತ್ತದೆ. ತಪಾಸಣೆ ಎಂದರೆ ‘ತೊಂದರೆಯಾದರೆ ಬನ್ನಿ’ ಎನ್ನುವುದಲ್ಲ. ಮೊದಲ ಎರಡು ಮೂರು ವರ್ಷ ಮೂರು-ನಾಲ್ಕು ತಿಂಗಳಿಗೊಮ್ಮೆ, ನಂತರ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಮತ್ತು ಎದೆ-ಹೊಟ್ಟೆಯ ಸ್ಕ್ಯಾನ್. ಭತ್ತದ ನಾಟಿ, ಕೊಯ್ಲು, ಮನೆಯ ಮದುವೆ ಎಂದು ಒಂದು ಸರದಿ ತಪ್ಪಿಸಿದರೂ ಈ ದಾರಿಯ ಅರ್ಥವೇ ಕೆಡುತ್ತದೆ. ಅಷ್ಟು ನಿಯಮಿತವಾಗಿ ಬರಲು ಸಾಧ್ಯವಿಲ್ಲ ಎಂದಾದರೆ ಅದನ್ನು ಮೊದಲೇ ವೈದ್ಯರಿಗೆ ಹೇಳಿಬಿಡಿ.

ಕೀಮೋ ಎಂದು ನಿರ್ಧಾರವಾದರೆ ಸಾಮಾನ್ಯವಾಗಿ ಡಾಕ್ಸೊರುಬಿಸಿನ್, ಅಥವಾ ಜೆಮ್‌ಸಿಟಬಿನ್ ಮತ್ತು ಡೋಸಿಟ್ಯಾಕ್ಸೆಲ್ ಜೋಡಿ ಬಳಕೆಯಲ್ಲಿವೆ. ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿ. ಮೂತ್ರ ಒಂದೆರಡು ದಿನ ಕೆಂಪಾದರೆ ರಕ್ತವೆಂದು ಹೆದರಬೇಡಿ. ಅದು ಹೃದಯದ ಸ್ನಾಯುವಿಗೆ ಪೆಟ್ಟು ಕೊಡಬಲ್ಲದು, ಆದ್ದರಿಂದ ಮೊದಲೇ ಎಕೋ ಮಾಡಿಸುತ್ತಾರೆ; ಒಟ್ಟು ಪ್ರಮಾಣಕ್ಕೂ ಮಿತಿಯಿದೆ. ಕೂದಲು ಉದುರುವುದು, ಬಾಯಿಹುಣ್ಣು, ಸುಸ್ತು ತಾತ್ಕಾಲಿಕ. ನಿಜವಾದ ಅಪಾಯ ಬಿಳಿರಕ್ತಕಣಗಳು ಕುಸಿದಾಗ ಬರುವ ಜ್ವರ. ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗಲಿ ಎಂದು ಕಾಯದೆ, ಮಾತ್ರೆ ನುಂಗಿ ಮಲಗದೆ, ರಾತ್ರಿಯೇ ಹತ್ತಿರದ ಆಸ್ಪತ್ರೆಗೆ ಹೋಗಿ ‘ಕೀಮೋ ನಡೆಯುತ್ತಿದೆ’ ಎಂಬ ಮಾತನ್ನು ಮೊದಲು ಹೇಳಿ. ರಾಯಚೂರಿನ ಏಪ್ರಿಲ್-ಮೇ ಬಿಸಿಲಿನಲ್ಲಿ ವಾಂತಿ-ಭೇದಿಯೂ ಸೇರಿದರೆ ಮೈಯ ನೀರು ಬಹುಬೇಗ ಆರುತ್ತದೆ. ಆಹಾರದಲ್ಲಿ ದೊಡ್ಡ ಪಥ್ಯವೇನಿಲ್ಲ. ರೊಟ್ಟಿ, ಬೇಳೆ, ಬೇಯಿಸಿದ ಕಾಯಿಪಲ್ಲೆ, ಚೆನ್ನಾಗಿ ಬೇಯಿಸಿದ ಮೊಟ್ಟೆ ತಿನ್ನಲಿ. ಯಾರೋ ಹೇಳಿದ ಬೇರು-ಕಷಾಯ ಮಾತ್ರ ವೈದ್ಯರಿಗೆ ತಿಳಿಸದೆ ಬೇಡ.

ಉಳಿಸಿರುವ ಅಂಡಾಶಯಗಳ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳಬೇಕಿತ್ತು. ಅವುಗಳಿಗೆ ಈ ಕಾಯಿಲೆ ಹರಡುವುದು ಕಡಿಮೆ; ಅವನ್ನು ತೆಗೆಯಲೆಂದೇ ಎಲ್ಲರಿಗೂ ಎರಡನೇ ಆಪರೇಷನ್ ಬೇಕಾಗಿಲ್ಲ. ಹಾರ್ಮೋನ್ ಗ್ರಾಹಕಗಳ ಪರೀಕ್ಷೆ ಪಾಸಿಟಿವ್ ಬಂದರೆ ಅಂಡಾಶಯ ತೆಗೆಸುವ ಮಾತನ್ನು ವೈದ್ಯರೊಂದಿಗೆ ಚರ್ಚಿಸಿ. 47ರ ವಯಸ್ಸಿನಲ್ಲಿ ಕಳೆದುಕೊಳ್ಳುವುದು ಕೆಲವೇ ವರ್ಷಗಳ ಹಾರ್ಮೋನ್. ಮುಂದೆ ಮೈ ಬಿಸಿಯೇರುವ ತೊಂದರೆ ಬಂದರೆ ಈಸ್ಟ್ರೋಜನ್ ಮಾತ್ರೆಗಳನ್ನು ಸ್ವಂತಕ್ಕೆ ತೆಗೆದುಕೊಳ್ಳಬಾರದು.

ಮರಳಿ ಬಂದರೆ ಅಲ್ಲಿಗೆ ಎಲ್ಲವೂ ಮುಗಿಯಿತೆಂದಲ್ಲ. ಶ್ವಾಸಕೋಶದಲ್ಲಿ ಒಂದೆರಡು ಗಂಟುಗಳಷ್ಟೇ ಇದ್ದು, ಬಹಳ ಕಾಲದ ನಂತರ ಬಂದಿದ್ದರೆ ಆಪರೇಷನ್‌ನಿಂದ ತೆಗೆದು ವರ್ಷಗಟ್ಟಲೆ ಚೆನ್ನಾಗಿರುವವರಿದ್ದಾರೆ. ತೆಗೆಯಲಾಗದಷ್ಟು ಹರಡಿದವರಲ್ಲಿ ಡಾಕ್ಸೊರುಬಿಸಿನ್ ಜೊತೆ ಟ್ರಾಬೆಕ್ಟಿಡಿನ್ ಕೊಟ್ಟಾಗ ಬದುಕಿನ ಮಧ್ಯಾಂಕ ಅವಧಿ (ಅರ್ಧದಷ್ಟು ರೋಗಿಗಳು ಬದುಕಿರುವ ಕಾಲ) 24ರಿಂದ 33 ತಿಂಗಳಿಗೆ ಏರಿತೆಂದು 2024ರಲ್ಲಿ ಫ್ರಾನ್ಸ್‌ನ ಅಧ್ಯಯನವೊಂದು ತೋರಿಸಿತು. ಪಜೋಪನಿಬ್ ಎಂಬ ಮಾತ್ರೆಯೂ ಇದೆ. ಆ ಚರ್ಚೆ ಈಗ ನಿಮಗೆ ಬೇಕಾಗಿಲ್ಲ.

ಅಕ್ಕನಿಗೆ ಹೇಳುವ ವಿಷಯಕ್ಕೆ ಬರುತ್ತೇನೆ. ನಿಮ್ಮ ಭಾವನವರದು ಪ್ರೀತಿಯೇ, ಅದರಲ್ಲಿ ಸಂದೇಹವಿಲ್ಲ. ಆದರೆ ಮೇಲಿನದನ್ನೆಲ್ಲ ಓದಿದ ಮೇಲೆ ಒಂದು ವಿಷಯ ಗಮನಿಸಿ: ಕೀಮೋ ಬೇಕೇ ಬೇಡವೇ ಎಂಬುದು ಇಲ್ಲಿ ನಿಜವಾಗಿಯೂ ಆಯ್ಕೆಯ ಪ್ರಶ್ನೆ. ವಾಂತಿ, ಸುಸ್ತು, ಆಸ್ಪತ್ರೆಯ ಓಡಾಟವನ್ನು ಅನುಭವಿಸುವವರು ಯಾರೋ, ಮರಳುವ ಭಯವನ್ನು ಹೊತ್ತು ಬದುಕುವವರು ಯಾರೋ, ಆಯ್ಕೆಯೂ ಅವರದೇ. ಬಿಡಬಹುದಾದ ಚಿಕಿತ್ಸೆಯನ್ನು ರೋಗದ ಹೆಸರು ಮುಚ್ಚಿಟ್ಟು ಕೊಡಿಸುವುದಾಗಲಿ, ಹೆಸರು ಹೇಳದೆ ಐದು ವರ್ಷ ಸ್ಕ್ಯಾನ್‌ಗೆ ಕರೆದೊಯ್ಯುವುದಾಗಲಿ ಆಗುವ ಕೆಲಸವಲ್ಲ. ನನ್ನ ಅನುಭವದಲ್ಲಿ ‘ಅವರಿಗೇನೂ ಗೊತ್ತಿಲ್ಲ ಸರ್’ ಎಂದು ಮನೆಯವರು ಪಿಸುಗುಟ್ಟುವ ಹೊತ್ತಿಗೆ ಬಹಳಷ್ಟು ರೋಗಿಗಳಿಗೆ ಗೊತ್ತಾಗಿರುತ್ತದೆ. ಆಸ್ಪತ್ರೆಯ ಬೋರ್ಡು, ಬಂಧುಗಳ ಮುಖ, ಹಠಾತ್ತಾಗಿ ಹೆಚ್ಚಿದ ಉಪಚಾರ ಎಲ್ಲವನ್ನೂ ಅವರು ಓದಿರುತ್ತಾರೆ; ಮನೆಯವರ ಮುಖ ನೋಡಿ ತಾವೂ ಸುಮ್ಮನಿರುತ್ತಾರೆ.

ಹೇಳುವ ಕೆಲಸವನ್ನು ಒಬ್ಬರೇ ಹೊರಬೇಡಿ. ಮೊದಲು ಭಾವನ ಜೊತೆ ಮಾತಾಡಿ, ಅವರನ್ನು ಬದಿಗೆ ಸರಿಸಿ ನೀವೇ ಹೇಳಿದರೆ ಮನೆ ಎರಡಾಗುತ್ತದೆ. ನಂತರ ಅಕ್ಕನನ್ನು ‘ವರದಿ ಬಂದಿದೆ, ಅದರ ಬಗ್ಗೆ ಎಷ್ಟು ತಿಳಿಯಬೇಕೆಂದಿದೆ’ ಎಂದು ಕೇಳಿ. ಗಡ್ಡೆಯಲ್ಲಿ ಕ್ಯಾನ್ಸರ್ ಇತ್ತು, ತೆಗೆದಾಗಿದೆ, ಉಳಿದಿದೆಯೇ ಎಂದು ನೋಡಬೇಕಿದೆ ಎಂಬಷ್ಟು ಮೊದಲ ದಿನಕ್ಕೆ ಸಾಕು. ಮರಳುವ ಸಂಭವದ ಅಂಕಿಯನ್ನು ಅವರಾಗಿ ಕೇಳಿದಾಗ ವೈದ್ಯರು ಹೇಳಲಿ. ಮುಟ್ಟಿದರೆ, ಒಂದೇ ತಾಟಿನಲ್ಲಿ ಉಂಡರೆ, ಗಂಡನ ಜೊತೆ ಮಲಗಿದರೆ ಇದು ಹರಡುವುದಿಲ್ಲ ಎಂಬುದನ್ನು ಮಾತ್ರ ಮನೆಯವರೆಲ್ಲರಿಗೂ ಗಟ್ಟಿಯಾಗಿ ಹೇಳಿ. ಇಲ್ಲದಿದ್ದರೆ ಅಕ್ಕನ ಲೋಟ ಬೇರೆಯಾಗುವುದನ್ನು ಅವರೇ ಮೊದಲು ಗಮನಿಸುತ್ತಾರೆ. ಗಾಯ ಪೂರ್ತಿ ಮಾಗಿದ ಮೇಲೆ ಹೊಲಮನೆಯ ಕೆಲಸವನ್ನೂ ತಡೆಯಬೇಡಿ. ಮಂಚದ ಮೇಲೆ ಕೂರಿಸಿಟ್ಟರೆ ಮನಸ್ಸು ಮತ್ತಷ್ಟು ಕುಸಿಯುತ್ತದೆ. ಪ್ರತಿ ಸ್ಕ್ಯಾನ್‌ಗೆ ಮೊದಲ ವಾರ ನಿದ್ದೆ ಬಾರದಿರುವುದು, ಸಿಡುಕುವುದು ಸಹಜ. ಆದರೆ ವಾರಗಟ್ಟಲೆ ಊಟ-ನಿದ್ದೆ ಬಿಟ್ಟರೆ, ಬದುಕು ಸಾಕೆಂಬ ಮಾತು ಬಂದರೆ ಅದಕ್ಕೂ ಚಿಕಿತ್ಸೆ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು, ನೀವೂ ಕರೆ ಮಾಡಬಹುದು.

ಖರ್ಚಿನ ಬಗ್ಗೆ: ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಪಡೆಯಬೇಕು. ಮೊದಲು ದುಡ್ಡು ಕಟ್ಟಿ ಆಮೇಲೆ ಕಾರ್ಡ್ ತೋರಿಸಿದವರು ಪರದಾಡುವುದನ್ನು ನೋಡಿದ್ದೇನೆ. ಚಿಕಿತ್ಸೆಯ ನಿರ್ಧಾರ ದೊಡ್ಡ ಕೇಂದ್ರದಲ್ಲಿ ಆಗಲಿ, ಆ ಚೀಟಿ ಹಿಡಿದು ಕೀಮೋವನ್ನೋ ಸ್ಕ್ಯಾನನ್ನೋ ಹತ್ತಿರದಲ್ಲಿ ಮಾಡಿಸಲು ಆಗುತ್ತದೆಯೇ ಎಂದು ಅಲ್ಲೇ ಕೇಳಿ. ಕಲಬುರಗಿಯಲ್ಲಿ ಕಿದ್ವಾಯಿಯ ಶಾಖೆಯಿದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅಕ್ಕನಿಗೂ ಜೊತೆಗೆ ಹೋಗುವವರು ಹೆಣ್ಣುಮಕ್ಕಳಾದರೆ ಅವರಿಗೂ ಶಕ್ತಿ ಯೋಜನೆಯಡಿ ಟಿಕೆಟ್ ಹಣವಿಲ್ಲ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ಎಸಿ ದರ್ಜೆಯಲ್ಲಿ ಪೂರ್ತಿ ರಿಯಾಯಿತಿಯೂ ಜೊತೆಗಿರುವ ಒಬ್ಬರಿಗೆ ಮುಕ್ಕಾಲು ಭಾಗದ ರಿಯಾಯಿತಿಯೂ ಇದೆ. ಅದಕ್ಕೆ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಮಗಳ ವಿಷಯದಲ್ಲಿ ಸಮಾಧಾನವಾಗಿರಿ. ಲಿಯೋಮಯೋಸಾರ್ಕೋಮಾ ಬಹುಪಾಲು ವಂಶದಲ್ಲಿ ಹರಿದು ಬರುವ ಕಾಯಿಲೆಯಲ್ಲ. ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಸ್ತನ, ಮಿದುಳು ಅಥವಾ ಮೂಳೆಯ ಕ್ಯಾನ್ಸರ್ ಬಂದವರು, ಮಗುವಾಗಿದ್ದಾಗ ಕಣ್ಣಿನ ಕ್ಯಾನ್ಸರ್ ಬಂದವರು ಇದ್ದರೆ ಅದನ್ನು ವೈದ್ಯರಿಗೆ ಹೇಳಿ. ಆಗ ವಂಶವಾಹಿ ಪರೀಕ್ಷೆಯ ಮಾತು ಬರಬಹುದು. ಹಾಗಿಲ್ಲದಿದ್ದರೆ ಆ ಹುಡುಗಿಗೆ ಈ ಕಾಯಿಲೆಗೆಂದು ಯಾವ ಸ್ಕ್ಯಾನೂ ಬೇಕಿಲ್ಲ, ಅವಳ ಮದುವೆಯ ಮಾತುಕತೆಯಲ್ಲಿ ತಾಯಿಯ ಈ ರೋಗವನ್ನು ದೋಷವೆಂದು ಎಣಿಸಲು ವೈದ್ಯಕೀಯವಾಗಿ ಯಾವ ಆಧಾರವೂ ಇಲ್ಲ.